ನಾಯಿಯ ಹೃದಯಕ್ಕೆ ಕಾಡಿನಿಂದ ಬಂದ ರೋಗಾಣು

ಚೆನ್ನಾಗಿ ಓಡಾಡಿಕೊಂಡಿದ್ದ ನಾಯಿ ಇದ್ದಕ್ಕಿದ್ದಂತೆ ಕುಂಟತೊಡಗುತ್ತದೆ. ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಕಾಲಿಗೆ ಮುಳ್ಳು ಚುಚ್ಚಿರಬೇಕೆಂದು ಮನೆಯವರು ಹುಡುಕುತ್ತಾರೆ. ಆದರೆ ರೋಗದ ಮೂಲ ಇರುವುದು ಕಾಲಿನಲ್ಲಲ್ಲ, ಹೃದಯದಲ್ಲಿ!

ಹೃದಯದಲ್ಲಿ ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವುದು ನಾಲ್ಕು ಕವಾಟಗಳು. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕೆಲವೊಮ್ಮೆ ಈ ಕವಾಟಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಸುತ್ತ ರಕ್ತ ಹೆಪ್ಪುಗಟ್ಟಿ ಹೂಕೋಸಿನಂಥ ಗಂಟು ಮೂಡುತ್ತದೆ. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಗಂಟಿನ ಚೂರು ಕಳಚಿ ಮೂತ್ರಪಿಂಡ ಅಥವಾ ಮಿದುಳಿನ ರಕ್ತನಾಳವನ್ನು ಮುಚ್ಚಲೂಬಹುದು. ಇದಕ್ಕೆ ಎಂಡೋಕಾರ್ಡೈಟಿಸ್ ಎಂದು ಹೆಸರು. ಸೋಂಕಿನ ಪರಿಣಾಮವಾಗಿ ಕೀಲುಗಳೂ ಊದಿಕೊಳ್ಳುವುದರಿಂದ ನಾಯಿ ಕುಂಟುತ್ತದೆ.

ಈ ರೋಗ ತರುವ ಬ್ಯಾಕ್ಟೀರಿಯಾ ಹಲವು. ಅವುಗಳಲ್ಲಿ ಒಂದು ಬಹುಕಾಲ ವೈದ್ಯರ ಕಣ್ಣು ತಪ್ಪಿಸಿತ್ತು. ಅಮೆರಿಕದ ಉತ್ತರ ಕೆರೊಲಿನಾದ ವಿಜ್ಞಾನಿಗಳು ರೋಗಪೀಡಿತ ನಾಯಿಯೊಂದರ ರಕ್ತದಲ್ಲಿ ಅದನ್ನು ಪತ್ತೆಹಚ್ಚಿ, 1995ರಲ್ಲಿ ವರದಿ ಪ್ರಕಟಿಸಿದರು. ಅದು ಬಾರ್ಟೊನೆಲ್ಲಾ ಎಂಬ ಕುಲದ್ದು. ಬಹಳ ನಿಧಾನವಾಗಿ ಬೆಳೆಯುವುದರಿಂದ ಪ್ರಯೋಗಾಲಯದ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಹಾಗಾದರೆ ಈ ರೋಗಾಣುವಿನ ತವರು ಯಾವುದು? ಉತ್ತರ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಕಯೋಟಿಗಳಲ್ಲಿ. ಕಯೋಟಿ ತೋಳದ ಹತ್ತಿರದ ಬಂಧು, ಗಾತ್ರದಲ್ಲಿ ಮಾತ್ರ ಚಿಕ್ಕದು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಕರಾವಳಿ ಭಾಗದ 109 ಕಯೋಟಿಗಳ ರಕ್ತ ಪರೀಕ್ಷಿಸಿದಾಗ 31ರಲ್ಲಿ ಜೀವಂತ ಬ್ಯಾಕ್ಟೀರಿಯಾ ಸಿಕ್ಕವು. ಇಂಥ ಪ್ರಾಣಿ ರೋಗಾಣುವಿಗೆ ಆಶ್ರಯ ಕೊಟ್ಟರೂ ಸಾಮಾನ್ಯವಾಗಿ ತಾನು ಕಾಯಿಲೆ ಬೀಳುವುದಿಲ್ಲ. ವಿಜ್ಞಾನಿಗಳು ಇದನ್ನು 'ರೋಗಾಣುವಿನ ಆಗರ' ಎನ್ನುತ್ತಾರೆ.

ಕಯೋಟಿಯಿಂದ ನಾಯಿಗೆ ರೋಗಾಣುವನ್ನು ಸಾಗಿಸುವುದು ಉಣ್ಣಿಗಳೇ ಇರಬೇಕೆಂಬುದು ವಿಜ್ಞಾನಿಗಳ ಬಲವಾದ ಸಂಶಯ. ಕಯೋಟಿ ಬಾರದಂತೆ ಹಿತ್ತಿಲಿಗೆ ಬೇಲಿ ಹಾಕಬಹುದು, ಉಣ್ಣಿಗೆ ಬೇಲಿ ಲೆಕ್ಕಕ್ಕಿಲ್ಲ. ಆದ್ದರಿಂದ ಕಾಡುಪ್ರಾಣಿಗಳನ್ನು ಕೊಂದರೆ ರೋಗ ತಪ್ಪುತ್ತದೆಂದು ತಿಳಿಯುವುದು ಸರಿಯಲ್ಲ. ನಾಯಿಯ ಮೈಮೇಲಿನ ಉಣ್ಣಿಗಳನ್ನು ನಿಯಂತ್ರಿಸುವುದು ಹೆಚ್ಚು ಪ್ರಯೋಜನಕಾರಿ.

ಈ ಬ್ಯಾಕ್ಟೀರಿಯಾ ಅಪರೂಪಕ್ಕೆ ಮನುಷ್ಯರ ಹೃದಯದ ಕವಾಟದಲ್ಲೂ ಕಂಡುಬಂದಿದೆ. ನಾಯಿಗಳಲ್ಲಿ ಕವಾಟ ಹಾಳಾದ ಮೇಲೆ ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೂ ಬದುಕುಳಿಯುವುದು ಕಷ್ಟ. ಜ್ವರದ ಜೊತೆಗೆ ಕುಂಟುವ ನಾಯಿಯನ್ನು ತಡಮಾಡದೆ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು. ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಹೊಸದಾಗಿ ಕೇಳಿಬರುವ ಮರ್ಮರ ಶಬ್ದವೇ ಎಷ್ಟೋ ಸಲ ಅವರಿಗೆ ಸಿಗುವ ಮೊದಲ ಸುಳಿವು.