ಗೆಜ್ಜೆಗೂ ಬೇಕು ದುಡ್ಡು

ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಮಗುವಿಗೆ ರಾಗ ಹಿಡಿಯಲಿಲ್ಲ, ತಾಳ ಕೂಡಲಿಲ್ಲ ಎಂದು ಪಾಠ ಬಿಡಿಸುವವರು ಕಡಿಮೆ. ಚೆನ್ನಾಗಿ ಕಲಿಯುತ್ತಿರುವ ಮಗು ಒಂದು ದಿನ ಬರುವುದನ್ನು ನಿಲ್ಲಿಸಿತೆಂದರೆ ಹೆಚ್ಚಿನ ಸಲ ಕಾರಣ ದುಡ್ಡೇ. ಪಾಠದ ಶುಲ್ಕವೊಂದೇ ಆದರೆ ಹೇಗೋ ನಡೆದೀತು. ಮೃದಂಗಕ್ಕೆ ಹೊಸ ಮುಚ್ಚಿಗೆ ಹಾಕಿಸಬೇಕು, ಗೆಜ್ಜೆ ಕೊಳ್ಳಬೇಕು, ವೇಷಭೂಷಣಕ್ಕೆ ಬಾಡಿಗೆ ಕೊಡಬೇಕು, ಊರಿಂದೂರಿಗೆ ಬಸ್ಸು ಹತ್ತಬೇಕು. ಹಾಗಾದರೆ ಕಲೆ ಉಳ್ಳವರ ಸೊತ್ತೇ? ಅಲ್ಲ. ಕಲಿಯುತ್ತಲೇ ಕಲಿಕೆಯ ಖರ್ಚು ಹೊಂದಿಸಿಕೊಳ್ಳಲು ಒಂದಷ್ಟು ದಾರಿಗಳಿವೆ. ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತು ಓದಲಿ ಎಂದು ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಲೆಯಿಂದಲೇ ಕಲಿಕೆಯನ್ನು ಸಾಕುವುದು ನಮಗೆ ಹೊಸದೇನಲ್ಲ. ಕರಾವಳಿಯ ಹಿರಿಯರಿಗೆ ಹೂವಿನಕೋಲು ನೆನಪಿರಬೇಕು. ನವರಾತ್ರಿಯಲ್ಲಿ ಯಕ್ಷಗಾನ ಕಲಿಯುವ ಹುಡುಗರು ಭಾಗವತರು, ಮದ್ದಲೆಯವರ ಜೊತೆ ಮನೆಮನೆಗೆ ಹೋಗುತ್ತಾರೆ. ಎದುರುಬದುರು ಕುಳಿತು ಪ್ರಸಂಗದ ಒಂದು ತುಣುಕನ್ನು ಅರ್ಥ ಹೇಳಿ ನಡೆಸಿಕೊಡುತ್ತಾರೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಡುತ್ತಾರೆ. ಹುಡುಗರಿಗೆ ಮಾತು ಪಳಗುತ್ತದೆ, ಜನರೆದುರು ಕೂರುವ ಅಂಜಿಕೆಯೂ ಹೋಗುತ್ತದೆ.

ಗದಗದ ವೀರೇಶ್ವರ ಪುಣ್ಯಾಶ್ರಮದ್ದು ಇನ್ನೂ ದೊಡ್ಡ ಕಥೆ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಅವರೂ ಅಂಧರೇ. ಅಷ್ಟು ಮಕ್ಕಳ ಊಟಕ್ಕೆ ದಾರಿ? ಅವರು ನಾಟಕ ಕಂಪನಿ ನಡೆಸಿದರು, ತಾವೇ ನಾಟಕಗಳನ್ನು ಬರೆದರು. ಅದರ ಗಳಿಕೆ ಆಶ್ರಮಕ್ಕೆ ಹೋಯಿತು. ಭಕ್ತರು ಮಾಡಿದ ತುಲಾಭಾರದ ಹಣವೂ ಅಲ್ಲಿಗೇ ಸೇರಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಇನ್ನು ಈಗಿನ ದಾರಿಗಳಿಗೆ ಬರೋಣ. ಮೊದಲನೆಯದು ವಿದ್ಯಾರ್ಥಿವೇತನ. ದೆಹಲಿಯಲ್ಲಿರುವ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವನ್ನು ಎಲ್ಲರೂ ಸಿಸಿಆರ್‌ಟಿ ಎನ್ನುತ್ತಾರೆ. ಮಾನ್ಯತೆ ಪಡೆದ ಶಾಲೆಯಲ್ಲಿ ಓದುವ 10ರಿಂದ 14 ವರ್ಷದ ಮಕ್ಕಳಿಗಾಗಿ ಅದು ಪ್ರತಿಭಾ ಶೋಧ ವಿದ್ಯಾರ್ಥಿವೇತನ ನಡೆಸುತ್ತದೆ. ಸಂಗೀತ, ನೃತ್ಯ, ನಾಟಕ ಕಲಿಯುವವರು ಅರ್ಜಿ ಹಾಕಬಹುದು. ತಜ್ಞರ ಮುಂದೆ ಹಾಡಿ, ಕುಣಿದು ತೋರಿಸಬೇಕು. ಆಯ್ಕೆಯಾದವರಿಗೆ ಯೋಜನೆಯಂತೆ ವರ್ಷಕ್ಕೆ 3,600 ರೂಪಾಯಿ. ಗುರುಗಳಿಗೆ ಕೊಟ್ಟ ಶುಲ್ಕದಲ್ಲಿ ವರ್ಷಕ್ಕೆ 9,000 ರೂಪಾಯಿವರೆಗೆ ಹಿಂದಿರುಗುತ್ತದೆ. ಕಲೆಯನ್ನೇ ಕಸುಬಾಗಿ ನಡೆಸಿಕೊಂಡು ಬಂದ ಮನೆತನಗಳ ಮಕ್ಕಳಿಗೆ ಇದರಲ್ಲಿ ಮೀಸಲು ಸ್ಥಾನಗಳೂ ಇವೆ.

ಅಣ್ಣಂದಿರು, ಅಕ್ಕಂದಿರಿಗೆ ಬೇರೆ ಯೋಜನೆ ಇದೆ. 18ರಿಂದ 25 ವರ್ಷದ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯ ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ ಕೊಡುತ್ತದೆ. ಗುರುಗಳ ಬಳಿ ಕನಿಷ್ಠ 5 ವರ್ಷ ಕಲಿತಿರಬೇಕು. ಮೊತ್ತ, ನಿಯಮ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಎರಡನೆಯದು, ಕಲಿತದ್ದನ್ನು ಕಲಿಸುವುದು. ಸೀನಿಯರ್ ಪರೀಕ್ಷೆ ಮುಗಿಸಿದವರು ಗುರುಗಳ ಒಪ್ಪಿಗೆ ಪಡೆದು ಚಿಕ್ಕವರಿಗೆ ಸರಳೆ, ಜಂಟಿ ವರಸೆ ಹೇಳಿಕೊಡಬಹುದು. ಶಾಲೆಗಳ ವಾರ್ಷಿಕೋತ್ಸವ ಹತ್ತಿರ ಬಂದಾಗ ನೃತ್ಯ ಕಲಿಸುವವರನ್ನು ಹುಡುಕುತ್ತಾರೆ. ನಾಟಕ ಕಲಿಯುವವರಿಗೆ ಬೇಸಿಗೆ ಶಿಬಿರಗಳಿವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಹೆಸರು ನೀವು ಕೇಳಿರಬಹುದು. ಅಂಥ ಶಿಬಿರಗಳು ಈಗ ಎಷ್ಟೋ ಊರುಗಳಲ್ಲಿ ನಡೆಯುತ್ತವೆ, ಎಲ್ಲ ಕಡೆಗೂ ಹಾಡು, ಮುಖವಾಡ, ಅಭಿನಯ ಹೇಳಿಕೊಡುವ ಉತ್ಸಾಹಿಗಳು ಬೇಕು.

ಮೂರನೆಯದು ಪಕ್ಕವಾದ್ಯ. ಎಲ್ಲರೂ ವೇದಿಕೆಯ ನಡುವೆಯೇ ಕೂರಬೇಕೆಂದರೆ ಜಾಗ ಸಾಲದು. ಖಂಜಿರ, ತಬಲಾ, ಹಾರ್ಮೋನಿಯಂ ಬಲ್ಲವರಿಗೆ, ನೃತ್ಯಕ್ಕೆ ಹಾಡುವವರಿಗೆ, ನಟುವಾಂಗ ಮಾಡುವವರಿಗೆ ಕರೆ ಬರುತ್ತಲೇ ಇರುತ್ತದೆ. ಗಣೇಶೋತ್ಸವ, ರಾಮೋತ್ಸವ, ಮದುವೆಯ ಆರತಕ್ಷತೆ ಯಾವುದೂ ಕಡಿಮೆಯಲ್ಲ. ವಿದ್ಯೆ ಗಟ್ಟಿಯಾದ ಮೇಲೆ ಆಕಾಶವಾಣಿಯ ಧ್ವನಿಪರೀಕ್ಷೆಗೆ ಅರ್ಜಿ ಹಾಕಿ. ತೇರ್ಗಡೆಯಾದವರಿಗೆ ಶ್ರೇಣಿ ಕೊಡುತ್ತಾರೆ. ಕಾರ್ಯಕ್ರಮ ಸಿಕ್ಕಾಗ ಆ ಶ್ರೇಣಿಗೆ ತಕ್ಕ ಸಂಭಾವನೆಯೂ ಉಂಟು.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಭಾವನೆಯ ರುಚಿ ಹತ್ತಿದರೆ ಸಾಧಕ ಹಿಂದೆ ಬೀಳುತ್ತದೆ. ವಾರಕ್ಕೆ ನಾಲ್ಕು ಕಾರ್ಯಕ್ರಮ ಒಪ್ಪಿಕೊಂಡ ಹುಡುಗ ಹಾಡಿದ್ದನ್ನೇ ಹಾಡುತ್ತಾನೆ, ಹೊಸ ಕೃತಿ ಕಲಿಯುವುದಿಲ್ಲ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಬೆಳಗಿನ ಸಾಧಕ ಮತ್ತು ಶಾಲೆಯ ಪರೀಕ್ಷೆ ಇವೆರಡನ್ನೂ ಮುಟ್ಟದ ಕೆಲಸವನ್ನಷ್ಟೇ ಒಪ್ಪಿಕೊಳ್ಳಿ ಎನ್ನುತ್ತೇನೆ. ಚಿಕ್ಕ ಮಕ್ಕಳನ್ನು ಗಳಿಕೆಗೆಂದು ಓಡಾಡಿಸುವುದಂತೂ ಬೇಡವೇ ಬೇಡ. ಅವರಿಗೆ ವಿದ್ಯಾರ್ಥಿವೇತನದ ದಾರಿಯೇ ಸರಿ. ದೊಡ್ಡ ಮಕ್ಕಳು ಕಾರ್ಯಕ್ರಮಕ್ಕೆ ಹೋಗುವಾಗಲೂ ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಸಂಭಾವನೆ ಎಷ್ಟು, ವಾಪಸು ಬರುವುದು ಹೇಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಬಂದ ಹಣವನ್ನು ಮಗುವಿನ ಹೆಸರಿನ ಉಳಿತಾಯ ಖಾತೆಗೆ ಹಾಕಿ. ಯಾವ ದುಡ್ಡಿನಿಂದ ಗೆಜ್ಜೆ ಬಂತು ಎಂಬುದು ಮಗುವಿಗೂ ಗೊತ್ತಿರಲಿ.

ಅಜ್ಜ-ಅಜ್ಜಿಯರೇ, ನಿಮ್ಮಿಂದ ಆಗಬೇಕಾದ ಕೆಲಸ ಒಂದಿದೆ. ಅರ್ಜಿಯ ಪ್ರಕಟಣೆ ಬಂದು ಹೋದದ್ದೇ ಎಷ್ಟೋ ಮನೆಗಳಿಗೆ ತಿಳಿಯುವುದಿಲ್ಲ. ಪತ್ರಿಕೆ ಓದಲು ಬಿಡುವಿರುವವರು ನೀವು. ಜನನ ಪ್ರಮಾಣಪತ್ರ, ಶಾಲೆಯ ದೃಢೀಕರಣ, ಗುರುಗಳ ಪತ್ರ, ಫೋಟೊ ಇವಿಷ್ಟನ್ನು ಒಂದು ಫೈಲಿನಲ್ಲಿ ಈಗಲೇ ಜೋಡಿಸಿಡಿ. ಕೊನೆಯ ದಿನದವರೆಗೆ ಕಾಯದೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಿ.