ಸಂಬಳ ಬಿಟ್ಟು ಗುತ್ತಿಗೆ ಹಿಡಿದವರ ಆದಾಯ ತೆರಿಗೆ ರಿಟರ್ನ್

ಸುಳ್ಯ ತಾಲೂಕಿನ ಅನೇಕ ಕುಟುಂಬಗಳಿಗೆ ಅಡಿಕೆ ತೋಟವೊಂದೇ ಜೀವನಾಧಾರವಾಗಿದ್ದ ಕಾಲವಿತ್ತು. ಹಳದಿ ಎಲೆ ರೋಗ, ಇತ್ತೀಚಿನ ಎಲೆಚುಕ್ಕಿ ರೋಗಗಳ ಹೊಡೆತಕ್ಕೆ ಸಿಕ್ಕಿದ ಮನೆಗಳ ಮಕ್ಕಳು ಓದಿ, ಮಂಗಳೂರು ಬೆಂಗಳೂರುಗಳಲ್ಲಿ ಸಂಬಳದ ಕೆಲಸ ಹಿಡಿದರು. ಈಗ ಅವರಲ್ಲಿ ಕೆಲವರು ಊರಿಗೆ ಮರಳಿ ಅದೇ ಕೆಲಸವನ್ನು ಸ್ವತಂತ್ರವಾಗಿ, ಗುತ್ತಿಗೆಯ ಮೇಲೆ ಮಾಡತೊಡಗಿದ್ದಾರೆ. ಇಂಥವರಿಗೆ ಕೆಲಸ ಕೊಡುವವರು ನಮ್ಮ ಸದಸ್ಯರೇ ಆದುದರಿಂದ, ಈ ಬದಲಾವಣೆಯ ವರ್ಷದ ರಿಟರ್ನ್ ವಿಷಯ ಎರಡೂ ಕಡೆಯವರಿಗೆ ಸಂಬಂಧಿಸಿದ್ದಾಗಿದೆ.

ಐವರ್ನಾಡಿನ ಓರ್ವ ಮೆಕ್ಯಾನಿಕಲ್ ಎಂಜಿನಿಯರ್ 2025ರ ನವೆಂಬರ್‌ನಲ್ಲಿ ನನ್ನ ಕಚೇರಿಗೆ ಬಂದರು. 2024ರ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 60,000 ರೂಪಾಯಿ ಸಂಬಳಕ್ಕಿದ್ದರು. ಅಕ್ಟೋಬರ್‌ನಿಂದ ಹಳೆಯ ಕಂಪೆನಿಯೂ ಸೇರಿದಂತೆ ಮೂರು ಕಡೆ ಯಂತ್ರ ಜೋಡಣೆಯ ನಕ್ಷೆ ತಯಾರಿಸಿ, ಸ್ಥಳದಲ್ಲಿ ನಿಂತು ಸಲಹೆ ಕೊಡುವ ಕೆಲಸ. ಸಾಮಾನು ಅವರದಲ್ಲ, ಕೂಲಿಯಾಳುಗಳೂ ಅವರವರಲ್ಲ. ಮಾರ್ಚ್ ಕೊನೆಯೊಳಗೆ ಬ್ಯಾಂಕ್ ಮೂಲಕ 12,00,000 ರೂಪಾಯಿ ಬಂದಿತ್ತು. ಕೊಟ್ಟವರು ಮೂವರೂ ಕಲಂ 194ಸಿ ಪ್ರಕಾರ ಶೇಕಡಾ 1ರಂತೆ 12,000 ರೂಪಾಯಿ ಮೂಲದಲ್ಲೇ ಕಡಿತ ಮಾಡಿದ್ದರು.

"ಒಂದು ಪರ್ಸೆಂಟ್ ಕಟ್ ಆಗಿದೆ ಎಂದರೆ ನೀನು ಕಂಟ್ರಾಕ್ಟರ್. ಆರು ಪರ್ಸೆಂಟ್ ಲಾಭ ತೋರಿಸಿದರೆ ಸಾಕು ಮಾರಾಯ, ಹನ್ನೆರಡು ಸಾವಿರ ವಾಪಸ್ ಬರ್ತದೆ" ಎಂದು ಸ್ನೇಹಿತರೊಬ್ಬರು ಹೇಳಿದ್ದರು. ಅದರಂತೆ ಸೆಪ್ಟೆಂಬರ್‌ನಲ್ಲಿ ಐಟಿಆರ್-4 ಸಲ್ಲಿಕೆಯಾಗಿತ್ತು. ಹಣ ಇನ್ನೂ ಬಂದಿರಲಿಲ್ಲ. ಅದನ್ನು ವಿಚಾರಿಸಲೆಂದೇ ಅವರು ಬಂದದ್ದು.

ನಾನು ಮೊದಲು ಕೇಳಿದ್ದು ಬಿಲ್ಲುಗಳನ್ನು. ಮೂರರಲ್ಲೂ "ತಾಂತ್ರಿಕ ಸಲಹೆ ಮತ್ತು ನಕ್ಷೆಯ ಬಾಬ್ತು" ಎಂದು ಅವರೇ ಬರೆದಿದ್ದರು.

ಗುತ್ತಿಗೆ ಎಂಬ ನಮ್ಮ ಮಾತು ಬಹಳ ವಿಶಾಲವಾದದ್ದು. ಶೆಡ್ ಕಟ್ಟಿಸುವವನೂ ಗುತ್ತಿಗೆದಾರ, ನಕ್ಷೆ ಬರೆದು ಕೊಡುವವನೂ ಗುತ್ತಿಗೆದಾರ. ಆದಾಯ ತೆರಿಗೆ ಕಾನೂನು ಇವರಿಬ್ಬರನ್ನು ಒಂದೇ ಸಾಲಿನಲ್ಲಿ ಕೂರಿಸುವುದಿಲ್ಲ. ಕಲಂ 44ಎಡಿ ವ್ಯಾಪಾರ ವ್ಯವಹಾರಗಳಿಗೆ. ಅಲ್ಲಿ ವಹಿವಾಟಿನ ಶೇಕಡಾ 8ನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಮೊತ್ತವಾದರೆ ಶೇಕಡಾ 6ನ್ನು ಲಾಭವೆಂದು ಘೋಷಿಸಬಹುದು. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಪತ್ರ, ತಾಂತ್ರಿಕ ಸಲಹೆ, ಒಳಾಂಗಣ ಅಲಂಕಾರ ಮುಂತಾದ ವೃತ್ತಿಗಳಿಗೆ ಈ ಸೌಲಭ್ಯವಿಲ್ಲ. ಅವರಿಗಿರುವುದು ಕಲಂ 44ಎಡಿಎ. ಅಲ್ಲಿ ಘೋಷಿಸಬೇಕಾದ ಕನಿಷ್ಠ ಲಾಭ ಶೇಕಡಾ 50. ಕೊಟ್ಟವರು ಎಷ್ಟು ಹಿಡಿದುಕೊಂಡರು ಎಂಬುದರಿಂದ ಪಡೆದವನ ಕಸುಬು ಯಾವುದೆಂದು ತೀರ್ಮಾನವಾಗುವುದಿಲ್ಲ.

ಲೆಕ್ಕ ಹೀಗೆ ತಿರುಗಿತು. ಆರು ತಿಂಗಳ ಸಂಬಳ 3,60,000ದಲ್ಲಿ ಹೊಸ ತೆರಿಗೆ ಪದ್ಧತಿಯ ಪ್ರಮಾಣಿತ ಕಡಿತ 75,000 ಕಳೆದರೆ 2,85,000. ಈ ಕಡಿತ ಸಂಬಳದಿಂದ ಮಾತ್ರ. ವೃತ್ತಿಯ ಆದಾಯಕ್ಕೆ ಅನ್ವಯಿಸದು. ಸ್ನೇಹಿತರ ಲೆಕ್ಕದಂತೆ ಇದಕ್ಕೆ 72,000 ಸೇರಿ 3,57,000. ರಿಯಾಯಿತಿಯ ನಂತರ ತೆರಿಗೆ ಸೊನ್ನೆ. ಸರಿಯಾದ ಲೆಕ್ಕದಂತೆ 6,00,000 ಸೇರಿ 8,85,000. ತೆರಿಗೆ 38,500, ಸೆಸ್ 1,540, ಒಟ್ಟು 40,040. ಕಡಿತವಾದ 12,000 ಕಳೆದರೂ 28,040 ಬಾಕಿ. ಕಂಪೆನಿಯು ಸಂಬಳದಿಂದ ತೆರಿಗೆ ಹಿಡಿದಿರಲಿಲ್ಲ, ಏಕೆಂದರೆ ಇಡೀ ವರ್ಷದ ಸಂಬಳ 7,20,000 ಎಂದು ಅಂದಾಜಿಸಿದರೂ ಆಗ ತೆರಿಗೆ ಬರುತ್ತಿರಲಿಲ್ಲ.

ಸಂಬಳದಾರನಾಗಿದ್ದಾಗ ಯಜಮಾನನೇ ಲೆಕ್ಕ ಹಾಕಿ ಹಿಡಿದು ಕಟ್ಟುತ್ತಾನೆ. ನೌಕರನಿಗೆ ಫಾರ್ಮ್ 16 ಕೈಗೆ ಬರುತ್ತದೆ. ಸ್ವತಂತ್ರನಾದ ದಿನದಿಂದ ಆ ಯಜಮಾನ ಇಲ್ಲ. ಕಡಿತ ಕಳೆದು ವರ್ಷದ ತೆರಿಗೆ 10,000 ಅಥವಾ ಹೆಚ್ಚಾಗುವುದಾದರೆ ಮುಂಗಡ ತೆರಿಗೆ ಕಟ್ಟಲೇಬೇಕು. 44ಎಡಿ, 44ಎಡಿಎ ಆರಿಸಿದವರಿಗೆ ನಾಲ್ಕು ಕಂತುಗಳ ಗೊಡವೆಯಿಲ್ಲ, ಮಾರ್ಚ್ 15ರೊಳಗೆ ಒಂದೇ ಕಂತು. ಇವರು ಕಟ್ಟಿರಲಿಲ್ಲ. ನವೆಂಬರ್‌ವರೆಗಿನ ಎಂಟು ತಿಂಗಳಿಗೆ ಕಲಂ 234ಬಿ ಬಡ್ಡಿ 2,240, 234ಸಿ ಬಡ್ಡಿ 280. ಒಟ್ಟು 30,560 ಕಟ್ಟಿ, ಡಿಸೆಂಬರ್ 31ರ ಗಡುವಿಗೆ ಮುಂಚೆಯೇ ಪರಿಷ್ಕೃತ ರಿಟರ್ನ್ ಸಲ್ಲಿಸಿದೆವು. ವಾಪಸು ಹಣವೆಂದು ನಂಬಿ ಕಾರಿನ ಟಯರ್ ಬದಲಿಸಿದ್ದರಂತೆ. ಅದಕ್ಕೆ ನಾನೇನು ಹೇಳಲಿ.

"ನನಗೆ ಓಡಾಟದ ಖರ್ಚು ಬಹಳ ಉಂಟು ಸರ್" ಎಂದರು. ಇರಬಹುದು. ಖರ್ಚು ನಿಜಕ್ಕೂ ಅರ್ಧಕ್ಕಿಂತ ಹೆಚ್ಚಿದ್ದರೆ ಕಡಿಮೆ ಲಾಭ ತೋರಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಪುಸ್ತಕ ಇಟ್ಟು ಲೆಕ್ಕ ಪರಿಶೋಧನೆ ಮಾಡಿಸಬೇಕು. ಪುತ್ತೂರು, ಕಾಸರಗೋಡು ಓಡಾಟದ ಡೀಸೆಲ್ ಚೀಟಿಗಳನ್ನೆಲ್ಲ ಕೂಡಿಸಿದರೂ ಅರ್ಧದ ಹತ್ತಿರ ಬರಲಿಲ್ಲ.

ಈಗ ಹಣ ಕೊಡುವ ವರ್ತಕರ ಮಾತು. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ಮೀರಿದ ವೈಯಕ್ತಿಕ ಮಾಲೀಕರೂ ಕಡಿತ ಮಾಡಬೇಕಾದವರೇ. ಸಾಮಾನು, ಆಳು ಸಹಿತ ಕೆಲಸ ಮಾಡಿಕೊಡುವವನಿಗೆ 194ಸಿ, ವೃತ್ತಿಪರ ಶುಲ್ಕಕ್ಕೆ 194ಜೆ ಪ್ರಕಾರ ಶೇಕಡಾ 10. ಯಂತ್ರದ ವಾಡಿಕೆಯ ನಿರ್ವಹಣೆ, ಬಿಡಿಭಾಗ ಪೂರೈಕೆಯೂ ಸೇರಿದ್ದರೆ 194ಸಿ, ತಾಂತ್ರಿಕ ಸೇವೆಯಾದರೆ 194ಜೆ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 1995ರ ಆಗಸ್ಟ್‌ನ 715ನೇ ಸುತ್ತೋಲೆಯಲ್ಲೇ ಹೇಳಿತ್ತು. ಹತ್ತು ಹಿಡಿದರೆ ಹುಡುಗನಿಗೆ ತೊಂದರೆ ಎಂಬ ಅನುಕಂಪದಿಂದ ಒಂದು ಹಿಡಿಯುವವರನ್ನು ನೋಡಿದ್ದೇನೆ. ಈ ಪ್ರಕರಣದಲ್ಲಿ ಹತ್ತು ಹಿಡಿದಿದ್ದರೆ 1,20,000 ಸರಕಾರಕ್ಕೆ ಸೇರಿ, ಅವರಿಗೆ 79,960 ಮರಳಿ ಬರುತ್ತಿತ್ತು, ಬಡ್ಡಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಕಡಿತವನ್ನೇ ಮಾಡದ ಮಾಲೀಕನಿಗಂತೂ ಆ ಖರ್ಚಿನ ಶೇಕಡಾ 30 ಅಮಾನ್ಯವಾಗುವ ಅಪಾಯವಿದೆ.

ಇನ್ನೊಂದು ಅಭ್ಯಾಸದ ಬಗ್ಗೆ ಸ್ಪಷ್ಟವಾಗಿಯೇ ಹೇಳುತ್ತೇನೆ. ಭವಿಷ್ಯ ನಿಧಿ ತಪ್ಪಿಸಲು ನೌಕರನಿಂದ ರಾಜೀನಾಮೆ ಬರೆಸಿ, ಮರುದಿನ ಅದೇ ಮೇಜು, ಅದೇ ಹೊತ್ತು, ಅದೇ ತಿಂಗಳ ಮೊತ್ತಕ್ಕೆ "ಕನ್ಸಲ್ಟೆಂಟ್" ಮಾಡುವುದು. ಇದು ಗುತ್ತಿಗೆಯಲ್ಲ. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪು ತಯಾರಿಸುವ ಅಗರಿಯಾಗಳು ಉತ್ಪಾದನೆಯ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು, ತಾವೇ ಆಳುಗಳನ್ನೂ ಇಟ್ಟುಕೊಳ್ಳುತ್ತಿದ್ದರು. ಆದರೂ ಕೆಲಸದ ರೀತಿಯ ಮೇಲಿನ ಹಿಡಿತವನ್ನು ನೋಡಿ ಅವರು ಕಾರ್ಮಿಕರೇ ಎಂಬುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1957ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪನ್ನು ಇಂದಿಗೂ ಉದ್ಧರಿಸಲಾಗುತ್ತಿದೆ. ನಮ್ಮ ಎಂಜಿನಿಯರರ ಹಳೆಯ ಕಂಪೆನಿ ಕೆಲಸಕ್ಕೆ ತಕ್ಕಂತೆ ಬಿಲ್ ಪಡೆದು ಹಣ ಕೊಟ್ಟಿತ್ತು, ಅವರು ಬೇರೆ ಕಡೆಯೂ ದುಡಿಯುತ್ತಿದ್ದರು. ಆದ್ದರಿಂದ ಆ ತಕರಾರು ಇರಲಿಲ್ಲ.

ಸಣ್ಣ ವಿಷಯಗಳು ಎರಡು. ಸಂಬಳ ಮಾತ್ರ ಇರುವವನು ಹಳೆಯ, ಹೊಸ ತೆರಿಗೆ ಪದ್ಧತಿಗಳ ನಡುವೆ ವರ್ಷವರ್ಷವೂ ಆರಿಸಬಹುದು. ವೃತ್ತಿಯ ಆದಾಯ ಬಂದ ಮೇಲೆ ಹಳೆಯದಕ್ಕೆ ಹೋಗಲು ಗಡುವಿನೊಳಗೆ ಫಾರ್ಮ್ 10-ಐಇಎ ಬೇಕು, ಒಮ್ಮೆ ಹೊಸದಕ್ಕೆ ಮರಳಿದರೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ. ಸೇವೆಗಳ ವಹಿವಾಟು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ. ಪಡೆದ ಸಂಬಳ ಆ ಲೆಕ್ಕಕ್ಕಿಲ್ಲ.

ಮೇಲಿನ ಕಲಂಗಳು 1961ರ ಅಧಿನಿಯಮದವು. 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಅವೇ ಅನ್ವಯ. 2026ರ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ 2025ರ ಹೊಸ ಅಧಿನಿಯಮ. ಅದರಲ್ಲಿ 44ಎಡಿ, 44ಎಡಿಎಗಳ ವಿಷಯ ಕಲಂ 58ರಲ್ಲಿ, ಕಡಿತದ ವಿಷಯ ಕಲಂ 393ರಲ್ಲಿ ಸೇರಿದೆ.

ಹೊರಡುವಾಗ ಅವರು ಇನ್ನೊಂದು ಮಾತು ಎತ್ತಿದರು. ತಂದೆಯವರು ತಮ್ಮ ಹೆಸರಿನ ತೋಟವನ್ನು ಮಗನ ಹೆಸರಿಗೆ ಮಾಡಬೇಕೆಂದಿದ್ದಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಎಂಬುದು ಅವರ ನಂಬಿಕೆ. ತೆರಿಗೆ ಇಲ್ಲ ಎಂಬುದು ನಿಜ. ಆದರೆ ನಿವ್ವಳ ಕೃಷಿ ಆದಾಯ 5,000 ಮೀರಿ, ಇತರ ಆದಾಯ ವಿನಾಯಿತಿ ಮಿತಿಯನ್ನು ದಾಟಿದ್ದರೆ, ದರ ನಿರ್ಣಯಕ್ಕಾಗಿ ಅದನ್ನು ಸೇರಿಸಿ ಲೆಕ್ಕ ಹಾಕಬೇಕು. ಐಟಿಆರ್-4 ಆಗ ನಡೆಯದು, ಐಟಿಆರ್-3 ಬೇಕು. ಅಡಿಕೆ ಮಾರಿದ ಚೀಟಿ, ಗೊಬ್ಬರ, ಮದ್ದು, ಕೊಯ್ಲಿನ ಕೂಲಿಯ ಲೆಕ್ಕ ಎಲ್ಲವನ್ನೂ ಈಗಿನಿಂದಲೇ ಬೇರೆ ಪುಸ್ತಕದಲ್ಲಿ ಬರೆದಿಡುವಂತೆ ತಿಳಿಸಿ ಕಳುಹಿಸಿದೆ.