ಮುಗಿಯಿತೆಂದು ಬಿಟ್ಟ ಉಪಗ್ರಹಗಳು ಮತ್ತೆ ದನಿಗೂಡಿದ ಬಗೆ



ನಾವು ಹೊಲದಲ್ಲಿ ದುಡಿಯುವಾಗಲೂ, ರಾತ್ರಿ ಮಲಗಿರುವಾಗಲೂ ನಮ್ಮ ನೆತ್ತಿಯ ಮೇಲೆ ಸಾವಿರಾರು ಕೃತಕ ಉಪಗ್ರಹಗಳು ಸುತ್ತುತ್ತಿರುತ್ತವೆ. ಮಳೆಯ ಮುನ್ಸೂಚನೆಗೆ, ದೂರದರ್ಶನಕ್ಕೆ, ದಾರಿ ತೋರುವ ಫೋನಿಗೆ ಅವುಗಳ ನೆರವು ಬೇಕು. ಇದು ಕೆಲಸ ಮಾಡುವ ಉಪಗ್ರಹಗಳ ಮಾತಾಯಿತು. ಕೆಲಸ ನಿಲ್ಲಿಸಿದ ಉಪಗ್ರಹಗಳೂ ಅಲ್ಲಿಯೇ ಸುತ್ತುತ್ತಿವೆ. ಅವುಗಳ ಬ್ಯಾಟರಿ ಕೆಟ್ಟಿರುತ್ತದೆ, ರೇಡಿಯೋ ಮೌನವಾಗಿರುತ್ತದೆ, ಹಾರಿಸಿದವರು ಇನ್ನು ಮುಗಿಯಿತೆಂದು ಕೈ ಬಿಟ್ಟಿರುತ್ತಾರೆ. ಹೀಗೆ ಕೈ ಬಿಟ್ಟವುಗಳಲ್ಲಿ ಕೆಲವು ಎಷ್ಟೋ ವರ್ಷಗಳ ಮೇಲೆ ತಾವಾಗಿಯೇ ಮತ್ತೆ ದನಿಗೂಡಿವೆ. ಆ ದನಿಯನ್ನು ಗುರುತಿಸಿದವರು ದೊಡ್ಡ ಕಚೇರಿಯ ಅಧಿಕಾರಿಗಳಲ್ಲ. ಮನೆಯಲ್ಲಿ ರೇಡಿಯೋ ಇಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಕಿವಿಗೊಟ್ಟು ಕುಳಿತ ಹವ್ಯಾಸಿಗಳು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿದುಕೊಳ್ಳೋಣ.

ಈ ಹವ್ಯಾಸಿಗಳು ಯಾರು?

ನಮ್ಮ ಮನೆಯ ರೇಡಿಯೋ ಆಕಾಶವಾಣಿಯ ಕಾರ್ಯಕ್ರಮವನ್ನು ಕೇಳಿಸುತ್ತದೆ, ಅಷ್ಟೇ. ಹವ್ಯಾಸಿ ರೇಡಿಯೋ ಇಟ್ಟವರು ಕೇಳುವುದೂ ಉಂಟು, ತಾವೇ ಮಾತು ಕಳುಹಿಸುವುದೂ ಉಂಟು. ಇವರನ್ನು ‘ಹ್ಯಾಮ್’ ಎಂದು ಕರೆಯುತ್ತಾರೆ. ಮಾತು ಕಳುಹಿಸಬೇಕಾದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಪರವಾನಗಿ ಪಡೆಯಬೇಕು. ಇದರಿಂದ ಹಣ ಸಂಪಾದಿಸುವಂತಿಲ್ಲ. ಪ್ರವಾಹ, ಚಂಡಮಾರುತಗಳಲ್ಲಿ ಫೋನು ಕೆಟ್ಟಾಗ ಸುದ್ದಿ ಮುಟ್ಟಿಸಿ ನೆರವಾದವರಲ್ಲಿ ಇಂಥವರು ಅನೇಕರು.

ಉಪಗ್ರಹಗಳಿಗೂ ಇವರಿಗೂ ಮೊದಲ ದಿನದಿಂದಲೇ ನಂಟು. 1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯ ಹಾರಿಸಿದ ಮೊಟ್ಟಮೊದಲ ಉಪಗ್ರಹ ಸ್ಪುಟ್ನಿಕ್‌ನ ‘ಬೀಪ್, ಬೀಪ್’ ಸದ್ದನ್ನು ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ತಮ್ಮ ಮನೆಯಲ್ಲೇ ಕೇಳಿದರು. ಸುಮಾರು ನಾಲ್ಕು ವರ್ಷಗಳಲ್ಲಿ ಉಪಗ್ರಹ ಕಟ್ಟುವುದನ್ನೂ ಕಲಿತರು. ಅಮೆರಿಕದ ಹವ್ಯಾಸಿಗಳು ಕಟ್ಟಿದ ಆಸ್ಕರ್-1 ಎಂಬ ಪುಟ್ಟ ಉಪಗ್ರಹ 1961ರ ಡಿಸೆಂಬರ್ 12ರಂದು ಮೇಲೇರಿತು.

ದನಿಯಿಂದ ಗುರುತು ಹಿಡಿಯುವ ಬಗೆ

ಕಣ್ಣಿಗೆ ಕಾಣದ ಉಪಗ್ರಹವನ್ನು ಬರಿಯ ಸದ್ದಿನಿಂದ ಗುರುತಿಸುವುದು ಹೇಗೆಂದು ನೀವು ಕೇಳಬಹುದು. ರಸ್ತೆಯ ಬದಿಯಲ್ಲಿ ನಿಂತಾಗ ಹಾರನ್ ಒತ್ತುತ್ತ ಬರುವ ಬಸ್ಸನ್ನು ಗಮನಿಸಿರಿ. ಹತ್ತಿರ ಬರುವಾಗ ಹಾರನ್ನಿನ ಸದ್ದು ತೀಕ್ಷ್ಣವಾಗಿರುತ್ತದೆ. ನಮ್ಮನ್ನು ದಾಟಿ ದೂರ ಹೋಗುವಾಗ ಸದ್ದು ದಪ್ಪಗಾಗುತ್ತದೆ. ಹಾರನ್ ಅದೇ, ಬದಲಾದದ್ದು ಬಸ್ಸಿನ ಚಲನೆ. ರೇಡಿಯೋ ಅಲೆಯೂ ಹೀಗೆಯೇ. ಉಪಗ್ರಹ ನಮ್ಮತ್ತ ಬರುವಾಗ ಅಲೆಯ ಸಂಖ್ಯೆ ತುಸು ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ಅದು ಎಷ್ಟು ಬೇಗ ಇಳಿಯಿತು, ಯಾವ ಗಳಿಗೆಯಲ್ಲಿ ಇಳಿಯಿತು ಎಂಬುದನ್ನು ಬರೆದುಕೊಂಡರೆ ಉಪಗ್ರಹದ ವೇಗವನ್ನೂ ಹಾದಿಯನ್ನೂ ಲೆಕ್ಕ ಹಾಕಬಹುದು. ಇದಕ್ಕೆ ಡಾಪ್ಲರ್ ಪರಿಣಾಮವೆಂದು ಹೆಸರು.

ಉಪಗ್ರಹಗಳ ಹಾದಿಯ ಪಟ್ಟಿಗಳು ಯಾರಿಗಾದರೂ ಸಿಗುತ್ತವೆ. ಹವ್ಯಾಸಿಯು ತಾನು ಕೇಳಿದ ದನಿಯ ಲೆಕ್ಕವನ್ನು ಆ ಪಟ್ಟಿಯೊಡನೆ ತಾಳೆ ನೋಡುತ್ತಾನೆ. ಲೆಕ್ಕ ಕೂಡಿಬಂದರೆ ದನಿಯ ಒಡೆಯ ಯಾರೆಂದು ತಿಳಿಯುತ್ತದೆ. ಇದಕ್ಕೆ ಬೇಕಾದ ಸಲಕರಣೆಯೂ ಭಾರಿಯದಲ್ಲ: ಒಂದು ರೇಡಿಯೋ ಗ್ರಾಹಕ, ಒಂದು ಕಂಪ್ಯೂಟರು, ಮತ್ತು ಒಂದು ಏರಿಯಲ್. ಹಿಂದೆ ದೂರದರ್ಶನಕ್ಕೆಂದು ಮಾಳಿಗೆಯ ಮೇಲೆ ನಿಲ್ಲಿಸುತ್ತಿದ್ದ, ಮೀನಿನ ಮುಳ್ಳಿನ ಆಕಾರದ ಏರಿಯಲ್ಲನ್ನು ನೀವು ನೋಡಿಯೇ ಇದ್ದೀರಿ. ಅನೇಕ ಉಪಗ್ರಹಗಳಿಗೆ ಅಂಥದೇ ಸಾಕು.

21 ವರ್ಷ ಮಲಗಿ ಎದ್ದ ಆಸ್ಕರ್-7

1974ರ ನವೆಂಬರ್ 15ರಂದು ಹಾರಿದ ಆಸ್ಕರ್-7 ಹಲವು ದೇಶಗಳ ಹವ್ಯಾಸಿಗಳು ಕೂಡಿ ಕಟ್ಟಿದ ಉಪಗ್ರಹ. ಅದು ಸುಮಾರು 1,450 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಿತ್ತು. 1981ರ ನಡುವಿನಲ್ಲಿ ಬ್ಯಾಟರಿ ಕೆಟ್ಟು ಮೌನವಾಯಿತು. ಅಲ್ಲಿಗೆ ಅದರ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದರು.

2002ರ ಜೂನ್ 21ರಂದು ಅದರ ದನಿ ಮತ್ತೆ ಕೇಳಿಬಂತು. ಆಗಿದ್ದೇನು? ಕೆರೆಯಿಂದ ಗದ್ದೆಗೆ ಬರುವ ಕಾಲುವೆಯ ಬದುವಿನಲ್ಲಿ ಏಡಿ ಬಿಲ ತೋಡಿತೆನ್ನಿ. ನೀರೆಲ್ಲ ಆ ಬಿಲದಲ್ಲಿ ಹರಿದುಹೋಗಿ ಗದ್ದೆ ಒಣಗುತ್ತದೆ. ಕೆರೆಯಲ್ಲಿ ನೀರಿದೆ, ಗದ್ದೆಗೆ ಮಾತ್ರ ಬರುವುದಿಲ್ಲ. ಕೆಲವು ಕಾಲದ ಮೇಲೆ ಹೂಳು ತುಂಬಿ ಬಿಲ ತಾನಾಗಿ ಮುಚ್ಚಿಹೋದರೆ ನೀರು ಮತ್ತೆ ಗದ್ದೆಗೆ ಹರಿಯುತ್ತದೆ. ಉಪಗ್ರಹದಲ್ಲಿ ಬಿಸಿಲಿನಿಂದ ವಿದ್ಯುತ್ ತೆಗೆಯುವ ಫಲಕಗಳು ಸರಿಯಾಗಿಯೇ ಇದ್ದವು. ಕೆಟ್ಟ ಬ್ಯಾಟರಿಯು ಆ ವಿದ್ಯುತ್ತನ್ನೆಲ್ಲ ಬಿಲದಂತೆ ನುಂಗುತ್ತಿತ್ತು. ಕೊನೆಗೆ ಬ್ಯಾಟರಿಯೊಳಗಿನ ಆ ದಾರಿಯೇ ಕಡಿದುಹೋದಾಗ ವಿದ್ಯುತ್ ನೇರವಾಗಿ ರೇಡಿಯೋಗೆ ಹರಿಯಿತು. ಅಂದಿನಿಂದ ಆಸ್ಕರ್-7 ಬಿಸಿಲಿಗೆ ಬಂದಾಗ ಏಳುತ್ತದೆ. ಭೂಮಿಯ ನೆರಳು ಹೊಕ್ಕಾಗ ಮಲಗುತ್ತದೆ. ಎದ್ದ ಮೇಲೆ ಹವ್ಯಾಸಿಗಳು ಅದರ ಮೂಲಕ ಪುನಃ ಎಷ್ಟೋ ವರ್ಷ ಮಾತಾಡಿದರು.

ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 2000ದ ಮಾರ್ಚ್ 25ರಂದು ‘ಇಮೇಜ್’ ಎಂಬ ಉಪಗ್ರಹವನ್ನು ಹಾರಿಸಿತು. ಸೂರ್ಯನಿಂದ ಬೀಸುವ ಕಣಗಳಿಗೂ ಭೂಮಿಯ ಕಾಂತಕ್ಷೇತ್ರಕ್ಕೂ ಆಗುವ ಘರ್ಷಣೆಯನ್ನು ನೋಡುವುದು ಅದರ ಕೆಲಸ. ಎರಡು ವರ್ಷಕ್ಕೆಂದು ಕಳುಹಿಸಿದ್ದು ಐದು ವರ್ಷಕ್ಕೂ ಮೀರಿ ದುಡಿಯಿತು. 2005ರ ಡಿಸೆಂಬರ್ 18ರಂದು ಇದ್ದಕ್ಕಿದ್ದಂತೆ ಮೌನವಾಯಿತು. ತಜ್ಞರು ಮತ್ತೆ ಮತ್ತೆ ಕರೆದರು, ಉತ್ತರ ಬರಲಿಲ್ಲ.

2018ರ ಜನವರಿಯಲ್ಲಿ ಕೆನಡ ದೇಶದ ಹವ್ಯಾಸಿಯೊಬ್ಬರು ಬೇರೊಂದು ಗುಪ್ತ ಉಪಗ್ರಹದ ದನಿಯನ್ನು ಹುಡುಕುತ್ತಿದ್ದರು. ಅದು ಸಿಗಲಿಲ್ಲ, ಬೇರೆ ಯಾವುದೋ ದನಿ ಬಲೆಗೆ ಬಿತ್ತು. ಪಟ್ಟಿಯೊಡನೆ ತಾಳೆ ನೋಡಿದರೆ ಅದು ಇಮೇಜ್! ಅವರು ಸುದ್ದಿಯನ್ನು ಬಲ್ಲವರಿಗೆ ತಿಳಿಸಿದರು. ನಾಸಾದವರು ತಮ್ಮ ದೊಡ್ಡ ಏರಿಯಲ್ಲುಗಳಿಂದ ಪರೀಕ್ಷಿಸಿ, ಜನವರಿ 30ರಂದು ಅದು ಇಮೇಜ್ ಉಪಗ್ರಹವೇ ಎಂದು ಖಚಿತಪಡಿಸಿದರು. ಸುದ್ದಿ ಹರಡಿದ ಮೇಲೆ, ಹಳೆಯ ದಾಖಲೆಗಳನ್ನು ತಿರುವಿ ನೋಡಿದಾಗ ಆ ದನಿ ಮೊದಲೇ ದಾಖಲಾಗಿದ್ದುದೂ ಕಂಡುಬಂತು. ಯಾರೂ ಅದನ್ನು ಗುರುತಿಸಿರಲಿಲ್ಲ, ಅಷ್ಟೇ.

ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಅದೇ ವರ್ಷದೊಳಗೆ ಇಮೇಜ್ ಪುನಃ ಕೈತಪ್ಪಿತು. ಅದರ ವಿಜ್ಞಾನದ ಯಂತ್ರಗಳನ್ನು ಮತ್ತೆ ದುಡಿಸಬೇಕೆಂಬ ಆಸೆ ಈಡೇರಲಿಲ್ಲ. ಬೇಗ ಗುರುತಿಸಿದ್ದರೆ ಕೈಯಲ್ಲಿ ಇನ್ನಷ್ಟು ಕಾಲವಿರುತ್ತಿತ್ತು. ದನಿ ಬಂದ ದಿನವೇ ಕೇಳುವವರು ಬೇಕೆಂಬುದು ಇದರಿಂದ ತಿಳಿಯುತ್ತದೆ.

ಬೆಂಗಳೂರಿನ ಹ್ಯಾಮ್‌ಸ್ಯಾಟ್

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ಹವ್ಯಾಸಿಗಳಿಗೆಂದೇ ಇಸ್ರೋ ಸಂಸ್ಥೆ ಬೆಂಗಳೂರಿನಲ್ಲಿ ಕಟ್ಟಿದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ತೂಕ 42.5 ಕಿಲೋ, ಅಂದರೆ ಒಂದು ಗೊಬ್ಬರದ ಚೀಲಕ್ಕಿಂತ ಕಡಿಮೆ. ಒಂಬತ್ತು ವರ್ಷ ಅದು ನಾನಾ ದೇಶದವರ ಮಾತನ್ನು ದಾಟಿಸಿತು. 2014ರ ಜುಲೈನಲ್ಲಿ ಬ್ಯಾಟರಿ ಸೋತು ಸೇವೆ ನಿಂತಿತು. ಆಸ್ಕರ್-7ಕ್ಕೆ ಒದಗಿದ ಅದೃಷ್ಟ ಎಲ್ಲಕ್ಕೂ ಒದಗುವುದಿಲ್ಲ.

ಇದರಿಂದ ಪ್ರಯೋಜನವೇನು?

ಹಳೆಯ ಯಂತ್ರದ ಸದ್ದು ಕೇಳಿ ಆಗಬೇಕಾದದ್ದೇನೆಂದು ಕೆಲವರು ಕೇಳಬಹುದು. ಮೊದಲನೆಯದಾಗಿ, ಉರಿಬಿಸಿಲು, ಕೊರೆಯುವ ಚಳಿಗಳ ನಡುವೆ ಯಂತ್ರದ ಭಾಗಗಳು ಎಷ್ಟು ಕಾಲ ಬಾಳುತ್ತವೆಂಬುದು ಇದರಿಂದ ತಿಳಿಯುತ್ತದೆ. 1965ರಲ್ಲಿ ಹಾರಿ 1967ರಲ್ಲಿ ಮೌನವಾದ ‘ಎಲ್.ಇ.ಎಸ್-1’ ಎಂಬ ಅಮೆರಿಕದ ಉಪಗ್ರಹದ ದನಿಯನ್ನು ಇಂಗ್ಲೆಂಡಿನ ಹವ್ಯಾಸಿಯೊಬ್ಬರು ಸುಮಾರು 45 ವರ್ಷಗಳ ಮೇಲೆ ಹಿಡಿದರು. ಎರಡನೆಯದಾಗಿ, ನಿಲ್ಲಿಸಲಾಗದೆ ಕೂಗುತ್ತಲೇ ಇರುವ ರೇಡಿಯೋ ಇತರರ ಕೆಲಸಕ್ಕೆ ಅಡ್ಡಿ. ಅದು ಯಾವುದೆಂದು ತಿಳಿದರೆ ಎಚ್ಚರ ವಹಿಸಬಹುದು. ಮೂರನೆಯದಾಗಿ, ಇಮೇಜ್‌ನಂತೆ ಕಳೆದುಹೋದ ಆಸ್ತಿ ಮತ್ತೆ ಸಿಗಲೂಬಹುದು.

ನಿಮ್ಮ ಊರಿನ ಶಾಲೆಯ ಮಕ್ಕಳೂ ಯುವಕ ಸಂಘದವರೂ ಒಂದು ಕಾಸಿನ ಖರ್ಚಿಲ್ಲದೆ ಈ ಅಭ್ಯಾಸವನ್ನು ಆರಂಭಿಸಬಹುದು. ಹಳ್ಳಿಯ ಆಕಾಶ ಪಟ್ಟಣದ್ದಕ್ಕಿಂತ ಕಪ್ಪಗಿರುತ್ತದೆ. ಮೋಡವಿಲ್ಲದ ದಿನ, ಸೂರ್ಯ ಮುಳುಗಿ ಒಂದು ಗಂಟೆಯ ಹೊತ್ತಿಗೆ ಬಯಲಿನಲ್ಲಿ ನಿಂತು ನೋಡಿರಿ. ಮಿನುಗದೆ, ಸದ್ದಿಲ್ಲದೆ, ನಕ್ಷತ್ರದಂತೆ ಹೊಳೆಯುತ್ತ ಕೆಲವು ನಿಮಿಷಗಳಲ್ಲಿ ಆಕಾಶವನ್ನು ದಾಟುವ ಚುಕ್ಕೆ ಕಂಡರೆ ಅದು ಬಹುಮಟ್ಟಿಗೆ ಉಪಗ್ರಹವೇ. ತಾರೀಖು, ವೇಳೆ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಡಿರಿ. ಮಳೆಮಾಪಕದ ಲೆಕ್ಕ ಬರೆದಿಟ್ಟ ಹಾಗೆಯೇ ಇದು. ಬರೆದ ದಿನ ಅದರ ಬೆಲೆ ತಿಳಿಯದಿರಬಹುದು. ಮುಂದೊಂದು ದಿನ ಯಾರೋ ಹುಡುಕುತ್ತ ಬಂದಾಗ, ಬೇಕಾದ ಸಾಲು ಆ ಪುಸ್ತಕದಲ್ಲಿ ಇದ್ದೀತು.